ನವಗ್ರಹಗಳೂ ಸೌರಮಂಡಲವೂ



ಪಂಚಾಂಗವನ್ನು ಬಲ್ಲವರೆಲ್ಲರಿಗೂ ಗ್ರಹಗಳು ಒಂಬತ್ತೆಂಬುದು ವಿದಿತವೇ ಇರುವುದು. ಶಾಲೆಗೆ ಹೋಗುವ ಮಕ್ಕಳನ್ನು ಕೇಳಿದರೆ ಎಂಟು ಎನ್ನುವರು. ಒಂದೇ ಮನೆಯಲ್ಲಿ ಎರಡು ಲೆಕ್ಕಗಳು ನಡೆದಿರಲು, ಯಾವುದು ನಿಜವೆಂಬ ಸಂಶಯವು ಹುಟ್ಟುವುದು ಸಹಜ. ಈ ಸಂಶಯವು ಬರಿಯ ಎಣಿಕೆಗೆ ಸಂಬಂಧಿಸಿದ್ದಲ್ಲ. ಜನರ ಬಾಳನ್ನು ಬಾಧಿಸುವ ಭಯವೊಂದು ಅದರ ಹಿಂದೆ ಅಡಗಿರುವುದು. ಆದುದರಿಂದ ಅದನ್ನು ವಿಚಾರಿಸಿ ನೋಡುವುದು ಉಚಿತವಾಗಿದೆ.

ಪ್ರಾಚೀನರು ಆಕಾಶವನ್ನು ಬರಿಗಣ್ಣಿನಿಂದಲೇ ಅವಲೋಕಿಸಿದವರು. ನಕ್ಷತ್ರಗಳೆಲ್ಲವೂ ತಮ್ಮತಮ್ಮೊಳಗಿನ ಅಂತರವನ್ನು ಕಾಯ್ದುಕೊಂಡಿರಲು, ಅವುಗಳ ನಡುವೆ ಸ್ಥಾನವನ್ನು ಬದಲಿಸುತ್ತ ಸಂಚರಿಸುವ ಏಳನ್ನು ಅವರು ಗುರುತಿಸಿ ಗ್ರಹಗಳೆಂದು ಕರೆದರು. ರವಿ, ಚಂದ್ರ, ಕುಜ, ಬುಧ, ಗುರು, ಶುಕ್ರ, ಶನಿ ಎಂಬವೇ ಆ ಏಳು. ವಾರದ ದಿನಗಳೂ ಇವುಗಳ ಹೆಸರನ್ನೇ ಹೊತ್ತಿರುವುವು. ಚಂದ್ರನ ದಾರಿಯು ಸೂರ್ಯನ ದಾರಿಯನ್ನು ಛೇದಿಸುವ ಎರಡು ಬಿಂದುಗಳನ್ನು ರಾಹು ಕೇತುಗಳೆಂದು ಇವಕ್ಕೆ ಸೇರಿಸಲು ಒಂಬತ್ತಾಯಿತು. ಅವರ ಅರ್ಥದಲ್ಲಿ ಗ್ರಹವೆಂದರೆ ನಕ್ಷತ್ರಗಳ ನಡುವೆ ಚಲಿಸುವುದು. ಇಂದಿನ ಖಗೋಳಶಾಸ್ತ್ರದ ಅರ್ಥದಲ್ಲಿ ಗ್ರಹವೆಂದರೆ ಸೂರ್ಯನನ್ನು ಸುತ್ತುವ ದೊಡ್ಡ ಗೋಲ. ಶಬ್ದವೊಂದೇ; ಅರ್ಥಗಳು ಎರಡು.

ಈ ಎರಡನೆಯ ಅರ್ಥದಲ್ಲಿ ರವಿಯು ಗ್ರಹವಲ್ಲ, ನಕ್ಷತ್ರ; ಚಂದ್ರನು ಭೂಮಿಯನ್ನು ಸುತ್ತುವ ಉಪಗ್ರಹ; ರಾಹು ಕೇತುಗಳು ವಸ್ತುಗಳೇ ಅಲ್ಲ. ಒಂಬತ್ತರಲ್ಲಿ ಈ ನಾಲ್ಕನ್ನು ಕಳೆದರೆ ಐದು ಉಳಿಯುವುವು. ನಾವು ನಿಂತ ನೆಲವಾದ ಭೂಮಿಯನ್ನು ಕೂಡಿಸಿದರೆ ಆರು. 1781ರಲ್ಲಿ ವಿಲಿಯಂ ಹರ್ಷೆಲನು ದೂರದರ್ಶಕದಿಂದ ಕಂಡ ಯುರೇನಸ್ ಏಳನೆಯದು. ಇರುವೆಡೆಯನ್ನು ಮೊದಲು ಗಣಿತದಿಂದ ಸಾಧಿಸಿ, ಅನಂತರ 1846ರಲ್ಲಿ ಬರ್ಲಿನ್ ನಗರದಲ್ಲಿ ಕಂಡ ನೆಪ್ಚೂನ್ ಎಂಟನೆಯದು. 1930ರಲ್ಲಿ ಕಂಡುಹಿಡಿದ ಪ್ಲೂಟೋ ಬಹುಕಾಲ ಗ್ರಹವೆನಿಸಿಕೊಂಡಿದ್ದಿತಾದರೂ, 2006ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಅದನ್ನು ಕುಬ್ಜಗ್ರಹಗಳ ಸಾಲಿಗೆ ಸೇರಿಸಿತು. ಹೀಗೆ ಎರಡು ಲೆಕ್ಕಗಳಲ್ಲಿ ವಿರೋಧವಿಲ್ಲ. ಎಣಿಸಿದ ವಸ್ತುಗಳೇ ಬೇರೆ.

ಈ ಮಂಡಲಕ್ಕೆ ಸೂರ್ಯನೇ ಯಜಮಾನನು. ಅವನ ಅಡ್ಡಳತೆಯಲ್ಲಿ 109 ಭೂಮಿಗಳನ್ನು ಸಾಲಾಗಿ ಇಡಬಹುದು. ಮಂಡಲದ ಒಟ್ಟು ದ್ರವ್ಯದಲ್ಲಿ ನೂರಕ್ಕೆ 99ಕ್ಕೂ ಮಿಕ್ಕ ಪಾಲು ಅವನೊಬ್ಬನಲ್ಲಿಯೇ ಇರುವುದು. ಅವನಿಂದ ಭೂಮಿಗೆ ಸುಮಾರು 15 ಕೋಟಿ ಕಿಲೋಮೀಟರು. ಬೆಳಕು ಬಂದು ಮುಟ್ಟಲು ಎಂಟು ನಿಮಿಷಕ್ಕೂ ಮಿಗಿಲಾದ ಕಾಲ ಹಿಡಿಯುವುದು. ಮಠದ ಮಹಾದ್ವಾರದಲ್ಲಿ 30 ಸೆಂಟಿಮೀಟರು ಅಗಲದ ಕುಂಬಳಕಾಯಿಯೊಂದನ್ನು ಸೂರ್ಯನೆಂದು ಇಟ್ಟರೆ, ಭೂಮಿಯು 32 ಮೀಟರು ದೂರದಲ್ಲಿ ಬಿದ್ದಿರುವ ಒಂದು ಸಣ್ಣ ಜೋಳದ ಕಾಳು. ಗುರುವು ಸುಮಾರು 170 ಮೀಟರು ದೂರದಲ್ಲಿಟ್ಟ ನೆಲ್ಲಿಕಾಯಿ. ನೆಪ್ಚೂನನ್ನು ಇಡಲು ಹೆಚ್ಚುಕಡಿಮೆ ಒಂದು ಕಿಲೋಮೀಟರು ನಡೆದುಹೋಗಬೇಕು. ನಡುವೆ ಇರುವುದೆಲ್ಲವೂ ಬಹುಮಟ್ಟಿಗೆ ಬಯಲೇ.

ಇಷ್ಟು ದೂರದ ಗೋಲಗಳು ಚೆದರಿಹೋಗದೆ ಇರುವುದೇಕೆ? ಕವಣೆಯ ಕಲ್ಲನ್ನು ಹಗ್ಗವು ಹಿಡಿದಿರುವಂತೆ, ಸೂರ್ಯನ ಆಕರ್ಷಣೆಯು ಅವುಗಳನ್ನು ಹಿಡಿದಿರುವುದು. 1687ರಲ್ಲಿ ನ್ಯೂಟನ್ ಪಂಡಿತನು ಈ ನಿಯಮವನ್ನು ಗಣಿತದಿಂದ ಸಿದ್ಧಪಡಿಸಿದನು. ಹತ್ತಿರದ ಗ್ರಹವು ಬೇಗನೆಯೂ ದೂರದ್ದು ನಿಧಾನವಾಗಿಯೂ ಸುತ್ತುವುದು. ಬುಧನಿಗೆ ಒಂದು ಪ್ರದಕ್ಷಿಣೆಗೆ 88 ದಿನ. ಶುಕ್ರನಿಗೆ 225 ದಿನ. ದಟ್ಟವಾದ ಇಂಗಾಲಾಮ್ಲದ ಹೊದಿಕೆಯಿಂದ ಶುಕ್ರನ ನೆಲವು ಸೀಸವು ಕರಗುವಷ್ಟು ಬಿಸಿಯಾಗಿರುವುದು. ಕುಜನಿಗೆ 687 ದಿನ. ತುಕ್ಕುಹಿಡಿದ ಕಬ್ಬಿಣವು ಬೆರೆತ ಧೂಳೇ ಅವನ ಕೆಂಪಿಗೆ ಕಾರಣ. ಗ್ರಹಗಳಲ್ಲೆಲ್ಲ ದೊಡ್ಡವನಾದ ಗುರುವಿಗೆ ಸುಮಾರು 12 ವರ್ಷ. ಅವನ ನಾಲ್ಕು ಚಂದ್ರರನ್ನು ಗೆಲಿಲಿಯೋ 1610ರಲ್ಲಿ ಕಂಡನು. ಯುರೇನಸ್ಸಿಗೆ 84 ವರ್ಷ, ನೆಪ್ಚೂನಿಗೆ 165 ವರ್ಷ.

ಶನಿಯ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಅವನಿಗೆ ಪ್ರದಕ್ಷಿಣೆಗೆ ಇಪ್ಪತ್ತೊಂಬತ್ತೂವರೆ ವರ್ಷ. ಶನೈಶ್ಚರನೆಂದರೆ ಮೆಲ್ಲಗೆ ಚರಿಸುವವನು. ಹೆಸರಿಟ್ಟವರು ಅವನ ನಡೆಯನ್ನು ಕಂಡರೇ ಹೊರತು ಕ್ರೌರ್ಯವನ್ನಲ್ಲ. ಆ ಕಾಲವನ್ನು ಹನ್ನೆರಡು ರಾಶಿಗಳಿಗೆ ಹಂಚಲು ರಾಶಿಯೊಂದಕ್ಕೆ ಎರಡೂವರೆ ವರ್ಷವಾಗುವುದು. ಜನ್ಮರಾಶಿ, ಅದರ ಹಿಂದಿನದು, ಮುಂದಿನದು ಎಂಬ ಮೂರನ್ನು ಕೂಡಿಸಿದರೆ ಏಳೂವರೆ ವರ್ಷ. ಜನರು ಅಂಜುವ ಸಾಡೇಸಾತಿ ಎಂಬುದು ಇದೇ ಲೆಕ್ಕ. ಯಾವಾಗ ನೋಡಿದರೂ ಹನ್ನೆರಡರಲ್ಲಿ ಮೂರು ರಾಶಿಯವರು, ಎಂದರೆ ಲೋಕದ ಜನರಲ್ಲಿ ಸುಮಾರು ಕಾಲುಭಾಗ, ಇದಕ್ಕೆ ಒಳಗಾಗಿಯೇ ಇರುವರು. ಅಷ್ಟು ಜನರಿಗೂ ಏಕಕಾಲಕ್ಕೆ ಕೇಡಾಗುವುದನ್ನು ಯಾರೂ ಕಂಡಿಲ್ಲ. ದೂರದರ್ಶಕದಲ್ಲಿ ನೋಡಿದರೆ, ಹಿಮದ ತುಣುಕುಗಳ ಬಳೆಯನ್ನು ತೊಟ್ಟ ಆ ಶನಿಯೇ ಗ್ರಹಗಳಲ್ಲಿ ಅತಿ ಸುಂದರನು.

ರಾಹು ಕೇತುಗಳ ವಿಷಯವೂ ಹೀಗೆಯೇ. ಚಂದ್ರನ ದಾರಿಯು ಸೂರ್ಯನ ದಾರಿಗೆ ಸುಮಾರು ಐದು ಅಂಶಗಳಷ್ಟು ಓರೆಯಾಗಿರುವುದರಿಂದ ಪ್ರತಿ ಅಮಾವಾಸ್ಯೆಯಲ್ಲಿಯೂ ಗ್ರಹಣವಾಗದು. ಆ ಬಿಂದುಗಳ ಸಮೀಪದಲ್ಲಿ ಮಾತ್ರವೇ ಆಗುವುದು. ಗ್ರಹಣವು ನೆರಳಿನ ಕಾರ್ಯವೆಂದು ಆರ್ಯಭಟನು ಕ್ರಿ. ಶ. 499ರಲ್ಲಿಯೇ ಹೇಳಿದ್ದಾನೆ. ಹೀಗಿದ್ದರೂ 2019ನೆಯ ಡಿಸೆಂಬರ್ 26ರ ಕಂಕಣಗ್ರಹಣದ ದಿನ, ಕಲಬುರಗಿಯ ಸಮೀಪದಲ್ಲಿ ಅಂಗವಿಕಲರಾದ ಮಕ್ಕಳನ್ನು, ವಾಸಿಯಾಗುವರೆಂಬ ಆಸೆಯಿಂದ, ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತರು. ತಾಯಿತಂದೆಗಳ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ತಿಳಿವಳಿಕೆಯನ್ನು ಅವರ ಬಾಗಿಲಿಗೆ ಮುಟ್ಟಿಸುವುದರಲ್ಲಿ ಕೊರತೆಯಿದ್ದಿತು. ಗ್ರಹಣದಲ್ಲಿ ಎಚ್ಚರವಹಿಸಬೇಕಾದುದು ಒಂದೇ: ಸೂರ್ಯನನ್ನು ಬರಿಗಣ್ಣಿನಿಂದ ನೋಡಲಾಗದು, ನೋಡಿದರೆ ದೃಷ್ಟಿಗೆ ಹಾನಿ.

ವಾರ, ತಿಥಿ, ನಕ್ಷತ್ರಗಳ ಒಳಿತುಕೆಡುಕುಗಳನ್ನು ಎಣಿಸುತ್ತ ಕೂಡುವುದನ್ನು 12ನೆಯ ಶತಮಾನದ ಶರಣರು ಒಪ್ಪಲಿಲ್ಲ. ಅದೇ ಶತಮಾನದಲ್ಲಿ, 1150ರಲ್ಲಿ, ಭಾಸ್ಕರಾಚಾರ್ಯನು ಸಿದ್ಧಾಂತಶಿರೋಮಣಿಯನ್ನು ರಚಿಸಿ ಗ್ರಹಗಣಿತವನ್ನು ಬೆಳಗಿದನು. ಗ್ರಹದ ಗತಿಯನ್ನು ಎಣಿಸುವ ವಿದ್ಯೆ ಬೇರೆ. ಗ್ರಹಕ್ಕೆ ಅಂಜುವ ರೂಢಿ ಬೇರೆ. ಮೊದಲನೆಯದನ್ನು ಗೌರವಿಸುವವನು ಎರಡನೆಯದನ್ನು ಬಿಟ್ಟರೆ ಶಾಸ್ತ್ರಕ್ಕೆ ಅಪಚಾರವಾಗದು. ಭಾರತದ ಮಂಗಳಯಾನವು 2014ನೆಯ ಸೆಪ್ಟೆಂಬರ್ 24ರಂದು ಕುಜನ ಕಕ್ಷೆಯನ್ನು ಸೇರಿದಾಗ ಅದನ್ನು ಬೆಂಗಳೂರಿನಿಂದಲೇ ನಡೆಸಲಾಗುತ್ತಿದ್ದಿತು. ಅದೇ ನಾಡಿನಲ್ಲಿ ಕುಜದೋಷದ ಹೆಸರಿನಿಂದ ಗುಣವಂತೆಯಾದ ಕನ್ಯೆಯೊಬ್ಬಳ ವಿವಾಹವು ನಿಲ್ಲುವುದು ಉಚಿತವೇ ಎಂಬುದನ್ನು ಪ್ರತಿಯೊಂದು ಮನೆಯ ಹಿರಿಯರೂ ಆಲೋಚಿಸತಕ್ಕದ್ದು.

ಕರಸ್ಥಲದಲ್ಲಿ ಇಷ್ಟಲಿಂಗವನ್ನು ಹಿಡಿದ ಭಕ್ತನಿಗೆ, ಕೋಟ್ಯಂತರ ಕಿಲೋಮೀಟರುಗಳಾಚೆ ತನ್ನ ನಿಯಮದಂತೆ ಸುತ್ತುತ್ತಿರುವ ಗೋಲವೊಂದರ ಭಯವು ಸಲ್ಲದು. ಮಕ್ಕಳು ಗ್ರಹಗಳು ಎಂಟೆಂದಾಗ ಹಿರಿಯರು ಗದರಿಸದೆ, ನಿರ್ಮಲವಾದ ರಾತ್ರಿಯಲ್ಲಿ ಅವರನ್ನು ಅಂಗಳಕ್ಕೆ ಕರೆದು ಗುರು ಶನಿಗಳನ್ನು ತೋರಿಸಲಿ. ಅಂಜಿಕೆಯ ಸ್ಥಾನದಲ್ಲಿ ಅರಿವು ನೆಲೆಸಲಿ.