ಯೋಜನಾ ಶಾಸ್ತ್ರ ಓದಲು ಯಾವ ವಿಶ್ವವಿದ್ಯಾಲಯ? ಗುಡ್ಡದೂರಿನ ವಿದ್ಯಾರ್ಥಿಯ ಮುಂದಿರುವ ಪ್ರಶ್ನೆ

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸದ ಬರಹರೂಪ)



ದ್ವಿತೀಯ ಪಿಯುಸಿ ಮುಗಿಯುತ್ತಿದ್ದಂತೆ ಮಲೆನಾಡಿನ ಮನೆಮನೆಗಳಲ್ಲಿ ಒಂದೇ ಚರ್ಚೆ ಆರಂಭವಾಗುತ್ತದೆ. ವೈದ್ಯಕೀಯವೋ, ಎಂಜಿನಿಯರಿಂಗೋ, ಕೃಷಿ ವಿಜ್ಞಾನವೋ? ಈ ಪಟ್ಟಿಯಲ್ಲಿ ಅಪರೂಪಕ್ಕೂ ಕಾಣಿಸಿಕೊಳ್ಳದ ಒಂದು ವಿದ್ಯೆಯಿದೆ. ಅದು ನಗರ ಮತ್ತು ಪ್ರಾದೇಶಿಕ ಯೋಜನೆ. ಹೆಸರಿನಲ್ಲಿ ‘ನಗರ’ ಮೊದಲು ಬರುವುದರಿಂದ ಅದು ಬೆಂಗಳೂರಿನ ಮಕ್ಕಳ ಓದು ಎಂದು ಹಳ್ಳಿಯವರು ಭಾವಿಸುವುದು ಸಹಜ. ಆದರೆ ರಸ್ತೆ ಯಾವ ಗುಡ್ಡದ ಮೈಯಲ್ಲಿ ಹಾಯಬೇಕು, ಬಡಾವಣೆ ಯಾವ ಗದ್ದೆಯಲ್ಲಿ ಏಳಬೇಕು, ಪೇಟೆಯ ಕಸ ಯಾವ ಹಳ್ಳದ ತಲೆಯಲ್ಲಿ ಬೀಳಬೇಕು ಎಂಬ ಮಾತುಕತೆ ನಡೆಯುವ ಕೋಣೆಗಳಲ್ಲಿ ಈ ವಿದ್ಯೆ ಕಲಿತವರಿಗೆ ಒಂದು ಕುರ್ಚಿ ಇರುತ್ತದೆ. ಆ ಕುರ್ಚಿಯಲ್ಲಿ ಗುಡ್ಡವನ್ನು ಹತ್ತಿ ಬಲ್ಲವರು ಕುಳಿತಿರುವುದು ವಿರಳ.

ಇದರ ಬೆಲೆ ಏನೆಂಬುದನ್ನು ಪಶ್ಚಿಮ ಘಟ್ಟ ಕಂಡಿದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಜರಿದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಗಂಗಾವಳಿ ನದಿಯವರೆಗೂ ಮಣ್ಣು ಹರಿಯಿತು. ಅದೇ ತಿಂಗಳ 30ರಂದು ಕೇರಳದ ವಯನಾಡಿನಲ್ಲಿ ಮುಂಡಕ್ಕೈ, ಚೂರಲ್‌ಮಲ ಊರುಗಳು ಒಂದೇ ರಾತ್ರಿಯಲ್ಲಿ ನೆಲಸಮವಾದವು. ಮಳೆ ಹೆಚ್ಚಾಯಿತು ಎಂಬುದು ನಿಜ. ಆದರೆ ಧರೆಯನ್ನು ಎಷ್ಟು ಕಡಿಯಬಹುದು, ನೀರಿನ ಹಾದಿಗೆ ಎಷ್ಟು ಜಾಗ ಬಿಡಬೇಕು, ಎಲ್ಲಿ ಮನೆ ಕಟ್ಟಲೇಬಾರದು ಎಂಬವು ಮಳೆಗೆ ಕೇಳುವ ಪ್ರಶ್ನೆಗಳಲ್ಲ. ಅವು ಯೋಜಕರಿಗೆ ಕೇಳಬೇಕಾದ ಪ್ರಶ್ನೆಗಳು.

ಆದುದರಿಂದ ಗುಡ್ಡದೂರಿನ ಮಗನೋ ಮಗಳೋ ಈ ವಿದ್ಯೆಯನ್ನು ಆರಿಸಿಕೊಂಡರೆ ಅದು ಇಡೀ ಊರಿಗೆ ಸಂಬಂಧಿಸಿದ ವಿಷಯ. ಎಲ್ಲಿ ಓದಬೇಕು ಎಂಬ ಪ್ರಶ್ನೆಯೂ ಹಾಗೆಯೇ.

ಈ ಶಾಸ್ತ್ರದ ಮೂಲವನ್ನು ಒಮ್ಮೆ ನೋಡುವುದು ಒಳ್ಳೆಯದು. ಆಧುನಿಕ ಪ್ರಾದೇಶಿಕ ಯೋಜನೆಯ ಹಿರಿಯರಲ್ಲಿ ಒಬ್ಬರಾದ ಪ್ಯಾಟ್ರಿಕ್ ಗೆಡೆಸ್ ಸ್ಕಾಟ್ಲೆಂಡಿನವರು, ವೃತ್ತಿಯಿಂದ ಜೀವಶಾಸ್ತ್ರಜ್ಞರು. 1914ರಲ್ಲಿ ಭಾರತಕ್ಕೆ ಬಂದು ಅನೇಕ ಪಟ್ಟಣಗಳ ಬಗ್ಗೆ ವರದಿ ಬರೆದರು. 1919ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ವಿಭಾಗದ ಮೊದಲ ಪ್ರಾಧ್ಯಾಪಕರಾದರು. ಮೊದಲು ಸಮೀಕ್ಷೆ, ಅನಂತರ ಯೋಜನೆ ಎಂಬುದು ಅವರ ನಿಲುವು. ಅವರ ಪ್ರಸಿದ್ಧ ಚಿತ್ರವೊಂದರಲ್ಲಿ ಬೆಟ್ಟದ ನೆತ್ತಿಯಿಂದ ಸಮುದ್ರದವರೆಗೆ ಇಳಿಯುವ ಒಂದು ಕಣಿವೆಯಿದೆ. ಮೇಲೆ ಗಣಿಯವನು, ಕಾಡಿನ ಕೆಲಸದವನು, ಬೇಟೆಗಾರ, ಕುರುಬ, ಕೆಳಗೆ ರೈತ, ಕೊನೆಗೆ ಕಡಲ ದಂಡೆಯ ಮೀನುಗಾರ. ಪಟ್ಟಣವನ್ನು ಅರಿಯಬೇಕಾದರೆ ಅದರ ಮೇಲಿನ ಬೆಟ್ಟದಿಂದ ಆರಂಭಿಸಬೇಕು ಎಂಬುದು ಆ ಚಿತ್ರದ ಅರ್ಥ.

ಮಲೆನಾಡಿನವರಿಗೆ ಈ ಚಿತ್ರವನ್ನು ವಿವರಿಸಬೇಕಾಗಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಸುಮಾರು 128 ಕಿ.ಮೀ. ಹರಿದು ಹೊನ್ನಾವರದಲ್ಲಿ ಕಡಲು ಸೇರುತ್ತದೆ. ನಡುವೆ ಕಾನು, ಸೊಪ್ಪಿನ ಬೆಟ್ಟ, ಅಡಿಕೆ ತೋಟ, 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು, ಜೋಗ, ಗೇರುಸೊಪ್ಪೆ ಎಲ್ಲವೂ ಇವೆ. ನದಿ ಒಂದೇ, ಜಿಲ್ಲೆ ಎರಡು. ಮೇಲಿನ ಜಿಲ್ಲೆಯಲ್ಲಿ ಆದ ತೀರ್ಮಾನ ಕೆಳಗಿನ ಜಿಲ್ಲೆಯ ಅಳಿವೆಯಲ್ಲಿ ಫಲ ಕೊಡುತ್ತದೆ. ಆಡಳಿತದ ಗಡಿಯನ್ನು ದಾಟಿ ಒಂದು ಕಣಿವೆಯನ್ನು ಒಟ್ಟಾಗಿ ಕಾಣುವುದಕ್ಕೆ ‘ಪ್ರಾದೇಶಿಕ’ ಎಂದು ಹೆಸರು.

ಈಗ ಸಂಸ್ಥೆಗಳ ವಿಚಾರ. ದೆಹಲಿಯಲ್ಲಿ 1955ರಲ್ಲಿ ಆರಂಭವಾದ ಯೋಜನಾ ಶಾಲೆ 1959ರಲ್ಲಿ ವಾಸ್ತುಶಿಲ್ಪ ವಿಭಾಗದೊಡನೆ ಸೇರಿ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್ ಆಯಿತು. ಅದೇ ಹೆಸರಿನ ಸಂಸ್ಥೆಗಳು 2008ರಲ್ಲಿ ಭೋಪಾಲ್ ಮತ್ತು ವಿಜಯವಾಡಗಳಲ್ಲಿ ಹುಟ್ಟಿದವು. ಇವು ಮೂರೂ ಕೇಂದ್ರ ಸರ್ಕಾರದವು. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದ ಯೋಜನಾ ಶಾಲೆ 1972ರದು. ಖರಗ್‌ಪುರ ಮತ್ತು ರೂರ್ಕಿಯ ಐಐಟಿಗಳಲ್ಲಿ ಸ್ನಾತಕೋತ್ತರ ಶಿಕ್ಷಣವಿದೆ. ಕರ್ನಾಟಕದೊಳಗೆ ಮೈಸೂರು ವಿಶ್ವವಿದ್ಯಾಲಯ ನಗರ ಮತ್ತು ಪ್ರಾದೇಶಿಕ ಯೋಜನೆಯಲ್ಲಿ ಎಂ.ಟೆಕ್. ಪದವಿ ನೀಡುತ್ತ ಬಂದಿದೆ.

ಪ್ರವೇಶದ ದಾರಿ ಎರಡು. ಪಿಯುಸಿಯಲ್ಲಿ ಗಣಿತ ಓದಿದವರು ಜೆಇಇ ಮುಖ್ಯ ಪರೀಕ್ಷೆಯಲ್ಲಿ ಬಿ.ಪ್ಲಾನಿಂಗ್‌ಗೆಂದೇ ಇರುವ ಪ್ರತ್ಯೇಕ ಪತ್ರಿಕೆ ಬರೆದು ನಾಲ್ಕು ವರ್ಷದ ಪದವಿಗೆ ಸೇರಬಹುದು. ಎರಡು ವರ್ಷದ ಸ್ನಾತಕೋತ್ತರ ಪದವಿಗೆ ಸಿವಿಲ್ ಎಂಜಿನಿಯರಿಂಗ್, ವಾಸ್ತುಶಿಲ್ಪ ಓದಿದವರಷ್ಟೇ ಅಲ್ಲ, ಭೂಗೋಳ, ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳಲ್ಲಿ ಎಂ.ಎ. ಮಾಡಿದವರಿಗೂ ಕೆಲವು ಸಂಸ್ಥೆಗಳಲ್ಲಿ ಅವಕಾಶವಿದೆ. ಹಳ್ಳಿಯ ಪದವಿ ಕಾಲೇಜಿನಲ್ಲಿ ಭೂಗೋಳ ಓದುತ್ತಿರುವ ವಿದ್ಯಾರ್ಥಿನಿಗೆ ಈ ಎರಡನೆಯ ದಾರಿ ಇದೆಯೆಂಬುದೇ ತಿಳಿದಿರುವುದಿಲ್ಲ.

ಹೆಸರು ದೊಡ್ಡದಿರುವ ಸಂಸ್ಥೆಗೆ ಸೇರಿದರೆ ಸಾಲದೇ ಎಂದು ಯಾರಾದರೂ ಕೇಳಬಹುದು. ಹೆಸರಿಗೆ ಬೆಲೆಯಿದೆ, ಅದರಿಂದ ಉದ್ಯೋಗದ ಬಾಗಿಲು ಬೇಗ ತೆರೆಯುತ್ತದೆ. ಆದರೆ ಒಳಗೆ ಏನು ಕಲಿಸುತ್ತಾರೆ ಎಂಬುದನ್ನು ಹೆಸರು ಹೇಳುವುದಿಲ್ಲ. ಅರ್ಜಿ ತುಂಬುವ ಮುನ್ನ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆಗಳು ಕೆಲವಿವೆ.

ಮೊದಲನೆಯದು, ಪದವಿಯ ಹೆಸರು ಮತ್ತು ಪಠ್ಯ. ದೆಹಲಿಯ ಸಂಸ್ಥೆಯಲ್ಲಿ ನಗರ, ಪ್ರಾದೇಶಿಕ, ಪರಿಸರ, ವಸತಿ, ಸಾರಿಗೆ ಎಂದು ಸ್ನಾತಕೋತ್ತರ ವಿಭಾಗಗಳೇ ಬೇರೆಬೇರೆ. ಭೋಪಾಲ್ ಮತ್ತು ವಿಜಯವಾಡಗಳಲ್ಲೂ ಪರಿಸರ ಯೋಜನೆಗೆ ಪ್ರತ್ಯೇಕ ಪದವಿಯಿದೆ. ಸಾರಿಗೆ ಓದಿದವರು ಒಳ್ಳೆಯ ಮೇಲ್ಸೇತುವೆಯ ಲೆಕ್ಕ ಹಾಕಬಲ್ಲರು. ಜಲಾನಯನದ ಲೆಕ್ಕ ಅವರ ಪಠ್ಯದಲ್ಲಿ ಇರದಿರಬಹುದು. ಭೂವಿಜ್ಞಾನ, ಜಲಶಾಸ್ತ್ರ, ಭೂಬಳಕೆ ಕಾನೂನು, ಉಪಗ್ರಹ ಚಿತ್ರಗಳಿಂದ ನಕ್ಷೆ ತಯಾರಿಕೆ, ವಿಪತ್ತು ನಿರ್ವಹಣೆ ಇವು ಪಠ್ಯದಲ್ಲಿ ಇವೆಯೇ ಎಂದು ಸಾಲುಸಾಲಾಗಿ ನೋಡಬೇಕು.

ಎರಡನೆಯದು, ಕ್ಷೇತ್ರಕಾರ್ಯ. ಈ ಶಿಕ್ಷಣದ ಜೀವಾಳ ಸ್ಟುಡಿಯೋ ಎಂಬ ತರಗತಿ. ವಿದ್ಯಾರ್ಥಿಗಳು ತಂಡವಾಗಿ ಒಂದು ಊರಿಗೋ ಪ್ರದೇಶಕ್ಕೋ ಹೋಗಿ, ಅಳೆದು, ಜನರನ್ನು ಕೇಳಿ, ಯೋಜನೆ ಬರೆಯುತ್ತಾರೆ. ಕಳೆದ ಮೂರು ವರ್ಷಗಳಲ್ಲಿ ತಂಡಗಳು ಎಲ್ಲೆಲ್ಲಿಗೆ ಹೋಗಿದ್ದವು? ಎಷ್ಟು ದಿನ ಇದ್ದವು? ಮಹಾನಗರದ ಹೊರತು ಬೇರೆ ನೆಲವನ್ನು ಕಂಡಿದ್ದವೇ? ಈ ಮೂರಕ್ಕೆ ಹಿರಿಯ ವಿದ್ಯಾರ್ಥಿಗಳಿಂದ ಉತ್ತರ ಪಡೆದರೆ ಪರಿಚಯ ಪುಸ್ತಿಕೆ ಹೇಳದ್ದೂ ತಿಳಿಯುತ್ತದೆ.

ಮೂರನೆಯದು, ಅಧ್ಯಾಪಕರು. ವಾಸ್ತುಶಿಲ್ಪಿಗಳು, ಎಂಜಿನಿಯರರು ಮಾತ್ರ ಇರುವ ವಿಭಾಗಕ್ಕಿಂತ ಭೂಗೋಳ, ಪರಿಸರ ವಿಜ್ಞಾನ, ಸಮಾಜಶಾಸ್ತ್ರ ಬಲ್ಲವರೂ ಕಲಿಸುವ ವಿಭಾಗ ಗುಡ್ಡದ ಪ್ರಶ್ನೆಗಳನ್ನು ಹೆಚ್ಚು ಸಹನೆಯಿಂದ ಕೇಳಿಸಿಕೊಳ್ಳುತ್ತದೆ.

ನಾಲ್ಕನೆಯದು, ಮಾನ್ಯತೆ. 1951ರಲ್ಲಿ ಸ್ಥಾಪನೆಯಾದ ಭಾರತೀಯ ನಗರ ಯೋಜಕರ ಸಂಸ್ಥೆ ತಾನು ಮಾನ್ಯ ಮಾಡಿದ ಪದವಿಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ರಾಜ್ಯದ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯ ಹುದ್ದೆ ಬಯಸುವವರು ನೇಮಕಾತಿ ನಿಯಮಗಳಲ್ಲಿ ಯಾವ ಪದವಿಯನ್ನು ಹೆಸರಿಸಿದೆಯೆಂದು ಸೇರುವ ಮೊದಲೇ ಓದಬೇಕು. ಪದವಿ ಮುಗಿದ ಮೇಲೆ ಓದಿದರೆ ಪ್ರಯೋಜನವಿಲ್ಲ.

ಐದನೆಯದು, ಖರ್ಚು. ಸರ್ಕಾರಿ ಸಂಸ್ಥೆಗೂ ಖಾಸಗಿ ಆಡಳಿತದ ವಿಶ್ವವಿದ್ಯಾಲಯಕ್ಕೂ ಶುಲ್ಕದಲ್ಲಿ ದೊಡ್ಡ ಅಂತರವಿರುತ್ತದೆ. ಶುಲ್ಕದ ಜೊತೆಗೆ ವಸತಿ, ಕಂಪ್ಯೂಟರ್, ಕ್ಷೇತ್ರ ಪ್ರವಾಸ, ಊರಿಗೆ ಬಂದುಹೋಗುವ ರೈಲಿನ ಖರ್ಚನ್ನೂ ಬರೆದು ಕೂಡಬೇಕು. ಇದು ಕೇವಲ ಮನೆಯ ಲೆಕ್ಕವಲ್ಲ. ಹೆಗಲ ಮೇಲೆ ದೊಡ್ಡ ಸಾಲವಿರುವ ಯುವ ಯೋಜಕನಿಗೆ, ಭೂಮಿ ವ್ಯವಹಾರದ ಕಂಪನಿ ಕೊಡುವ ಸಂಬಳವನ್ನು ಬಿಟ್ಟು ಪಂಚಾಯಿತಿಯೊಡನೆ ದುಡಿಯುವ ಸ್ವಾತಂತ್ರ್ಯ ಉಳಿಯುವುದು ಕಷ್ಟ. ತೋಟ ಅಡವಿಟ್ಟು ಓದಿದವರು ಕೊನೆಗೆ ತೋಟಗಳನ್ನು ಬಡಾವಣೆ ಮಾಡುವ ನಕ್ಷೆ ಬರೆಯುವಂತಾದರೆ ಆ ಓದಿನಿಂದ ಊರಿಗೆ ಬಂದದ್ದೇನು?

ಇಷ್ಟೆಲ್ಲ ಕೇಳಿದ ಮೇಲೂ ಮಲೆನಾಡನ್ನು ಪೂರ್ತಿಯಾಗಿ ಕಲಿಸುವ ವಿಶ್ವವಿದ್ಯಾಲಯ ಸಿಗಲಾರದು. ಆ ಪಾಠವನ್ನು ವಿದ್ಯಾರ್ಥಿಯೇ ಒಯ್ಯಬೇಕು. ಯಾವ ಒರತೆ ಬೇಸಿಗೆಯಲ್ಲೂ ಬತ್ತದು, ಯಾವ ಧರೆ ಪ್ರತಿ ಆಷಾಢದಲ್ಲಿ ಸಡಿಲಾಗುತ್ತದೆ, ಕಾಲುಸಂಕ ಕೊಚ್ಚಿಹೋದರೆ ಯಾವ ಕೇರಿಯ ಮಕ್ಕಳು ಶಾಲೆ ತಪ್ಪಿಸುತ್ತಾರೆ ಎಂಬುದನ್ನು ಹೊರಡುವ ಮೊದಲು ಊರಿನ ಹಿರಿಯರನ್ನು ಕೇಳಿ ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳಬೇಕು. ಅಂತಿಮ ವರ್ಷದ ಪ್ರಬಂಧಕ್ಕೆ ಅದೇ ಕಣಿವೆಯನ್ನು ಆರಿಸಿಕೊಳ್ಳಲು ಯಾವ ವಿಭಾಗವೂ ಅಡ್ಡಿಪಡಿಸಬಾರದು. ಅಡ್ಡಿಪಡಿಸುವುದಿಲ್ಲವೇ ಎಂಬುದನ್ನೂ ಮೊದಲೇ ವಿಚಾರಿಸಬೇಕು.

ಇಂಥವರಿಗೆ ಕೆಲಸ ಕಾದಿದೆ. ಸಂವಿಧಾನದ 74ನೆಯ ತಿದ್ದುಪಡಿ ಪ್ರತಿ ಜಿಲ್ಲೆಗೂ ಯೋಜನಾ ಸಮಿತಿಯನ್ನು ವಿಧಿಸಿದೆ. ಪಂಚಾಯಿತಿ ಮತ್ತು ಪಟ್ಟಣಗಳ ಯೋಜನೆಗಳನ್ನು ಜೋಡಿಸಿ, ನೀರಿನ ಹಂಚಿಕೆ ಹಾಗೂ ಪರಿಸರ ಸಂರಕ್ಷಣೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ಜಿಲ್ಲೆಗೆ ಒಂದು ಕರಡು ಸಿದ್ಧಪಡಿಸುವುದು ಅದರ ಕರ್ತವ್ಯ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಡಿ ಪಟ್ಟಣಗಳ ಮಹಾಯೋಜನೆ ಪ್ರಕಟವಾದಾಗ ಸಾರ್ವಜನಿಕರು ಆಕ್ಷೇಪಣೆ ಸಲ್ಲಿಸಬಹುದು. ಆದರೆ ಆ ನಕ್ಷೆಯ ಬಣ್ಣಗಳನ್ನು ಓದಬಲ್ಲವರು ಹಳ್ಳಿಯಲ್ಲಿ ಇಲ್ಲದಿದ್ದರೆ ಅವಧಿ ಸುಮ್ಮನೆ ಕಳೆದುಹೋಗುತ್ತದೆ. ಗದ್ದೆಗೆ ಹಳದಿ ಬಣ್ಣ ಬಿದ್ದುದು, ಅಂದರೆ ಅದು ವಸತಿ ಪ್ರದೇಶವೆಂದು ಗೊತ್ತಾದುದು, ಜೆಸಿಬಿ ಬಂದು ನಿಂತ ಮೇಲೆಯೇ ತಿಳಿಯುತ್ತದೆ.

ಹಿರಿಯರಲ್ಲಿ ಒಂದು ವಿನಂತಿ. ಮನೆಯ ಮಗು ಈ ಓದಿನ ಮಾತೆತ್ತಿದರೆ ‘ಅದರಿಂದ ಏನು ಸಿಗುತ್ತದೆ’ ಎಂದು ಕೂಡಲೇ ಕೇಳದಿರಿ. ಒಂದು ಮಧ್ಯಾಹ್ನ ಅವಳನ್ನು ಕರೆದುಕೊಂಡು ಹಳ್ಳದ ತಲೆಯಿಂದ ಹೊಳೆಯವರೆಗೆ ನಡೆಯಿರಿ. ಅವಳ ಮೊದಲ ಕ್ಷೇತ್ರಕಾರ್ಯ ಅಲ್ಲಿಯೇ ಆಗಲಿ.