ಶಾಲೆಯ ವೇದಿಕೆಯೂ ನಮ್ಮ ಮನೆಯ ದುಡಿಯೂ

(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನನಗೆ ಕೊಟ್ಟ ವಿಷಯ ‘ಮಕ್ಕಳ ಸಂಗೀತ ಶಿಕ್ಷಣ’. ದೊಡ್ಡ ವಿಷಯ. ಅದನ್ನು ಸಣ್ಣ ಮಾಡಿ ಒಂದು ಪ್ರಶ್ನೆ ಕೇಳುತ್ತೇನೆ. ನಮ್ಮ ಕಾಲನಿಯಿಂದ ಶಾಲೆಗೆ ಹೋಗುವ ಮಕ್ಕಳಲ್ಲಿ ಕಳೆದ ವರ್ಷ ಕಲೋತ್ಸವದ ವೇದಿಕೆ ಹತ್ತಿದವರು ಎಷ್ಟು ಮಂದಿ? (ಕಾಲನಿ ಎನ್ನುವ ಹೆಸರನ್ನು ಸರಕಾರ 2024ರಲ್ಲಿ ತೆಗೆದಿದೆ. ಊರಿನವರ ಬಾಯಿಯಿಂದ ಇನ್ನೂ ಹೋಗಿಲ್ಲ, ಇರಲಿ.) ನಿಮ್ಮ ನಿಮ್ಮ ಮನೆಯಲ್ಲೇ ಎಣಿಸಿ ನೋಡಿ. ಹಾಡಲಿಕ್ಕೆ ಬರುವುದಿಲ್ಲ, ಅದಕ್ಕೆ ಹತ್ತಲಿಲ್ಲ ಎಂದು ಮಾತ್ರ ಹೇಳಬೇಡಿ.

ನೇಜಿ ನೆಡುವಾಗ ಕಬಿತ ಹೇಳಿದ ಅಜ್ಜಿಯಂದಿರ ಮೊಮ್ಮಕ್ಕಳು ಇವರು. ಒಬ್ಬಳು ಎತ್ತಿ ಕೊಟ್ಟರೆ ಇಡೀ ಗದ್ದೆಯ ಹೆಂಗಸರು ಒಟ್ಟಿಗೆ ತಿರುಗಿ ಹೇಳುತ್ತಿದ್ದರು. ಬಗ್ಗಿದ ಬೆನ್ನು ಬಗ್ಗಿಯೇ ಇರುತ್ತಿತ್ತು, ಕೈ ನಿಲ್ಲುತ್ತಿರಲಿಲ್ಲ, ಲಯ ತಪ್ಪುತ್ತಿರಲಿಲ್ಲ. ತನ್ನಿಮಾನಿಗಳ ಪಾಡ್ದನ ಬಾಯಿಪಾಠ ಇರುವವರು ಈಗಲೂ ನಮ್ಮ ನಡುವೆ ಇದ್ದಾರೆ. ದುಡಿ ಬಾರಿಸುವವರಿದ್ದಾರೆ. ಶಾಲೆಯ ಪೀರಿಯಡಿನಲ್ಲಿ ಅದನ್ನು ಯಾರೂ ಸಂಗೀತ ಎಂದು ಕರೆಯುವುದಿಲ್ಲ, ಅಷ್ಟೆ.

ಕಲೋತ್ಸವ ಸಣ್ಣ ಸಂಗತಿ ಅಲ್ಲ. 1957ರಲ್ಲಿ ಎರ್ನಾಕುಳಂನಲ್ಲಿ ಸುರುವಾದದ್ದು. ಶಾಲೆ, ಉಪಜಿಲ್ಲೆ, ಕಂದಾಯ ಜಿಲ್ಲೆ, ಆಮೇಲೆ ರಾಜ್ಯ, ಹೀಗೆ ಮೆಟ್ಟಿಲು. 2019ರಲ್ಲಿ ರಾಜ್ಯ ಕಲೋತ್ಸವ ನಮ್ಮ ಕಾಞಂಗಾಡಿಗೇ ಬಂದಿತ್ತು. ಕನ್ನಡ ಭಾಷಣ, ಕನ್ನಡ ಪದ್ಯ, ಯಕ್ಷಗಾನ ಎಲ್ಲ ಅದರಲ್ಲಿ ಉಂಟು. ಮೇಲಿನ ಮೆಟ್ಟಿಲಲ್ಲಿ ಗ್ರೇಡ್ ಸಿಕ್ಕಿದರೆ ಗ್ರೇಸ್ ಮಾರ್ಕೂ ಸಿಗುತ್ತದೆ. ಆದರೆ ನಮ್ಮ ಮಕ್ಕಳು ಉಳಿಯುವುದು ಮೊದಲನೇ ಮೆಟ್ಟಿಲಲ್ಲಿ. ಶಾಲೆಯಲ್ಲಿ ಪಟ್ಟಿ ಬರೆಯುವುದು ಎರಡೇ ದಿನದಲ್ಲಿ. ಟೀಚರು ‘ಯಾರೆಲ್ಲ ಕಲಿತಿದ್ದೀರಿ?’ ಎಂದು ಕೇಳುತ್ತಾರೆ. ಕಲಿತದ್ದು ಅಂದರೆ ಪೇಟೆಯಲ್ಲಿ ಫೀಸು ಕೊಟ್ಟು ಕಲಿತದ್ದು. ಡ್ಯಾನ್ಸ್ ಆದರೆ ಬಾಡಿಗೆಯ ಡ್ರೆಸ್ಸು, ಮೇಕಪ್ಪಿನವನ ಸಂಬಳ ಎಲ್ಲ ಸೇರುತ್ತದೆ. ಕೂಲಿಗೆ ಹೋಗುವ ಅಮ್ಮ ಅಷ್ಟು ದುಡ್ಡು ಎಲ್ಲಿಂದ ತರುವುದು? ನಮ್ಮ ಮಕ್ಕಳಿಗೆ ಅವತ್ತು ಸಿಗುವುದು ವಾಲಂಟಿಯರ್ ಬ್ಯಾಜು. ಕುರ್ಚಿ ಹೊರಲಿಕ್ಕೆ.

ಶಾಲೆಯಲ್ಲೇ ಕಲಿಸಬೇಕು ಎನ್ನುವುದು ಯಾರ ಔದಾರ್ಯವೂ ಅಲ್ಲ. 2009ರ ಶಿಕ್ಷಣ ಹಕ್ಕು ಕಾನೂನಿನಲ್ಲಿ ಆರರಿಂದ ಎಂಟನೇ ಕ್ಲಾಸಿನವರೆಗೆ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕು ಎಂದು ಬರೆದೇ ಉಂಟು. ಅದಕ್ಕಿಂತ ಕಡಿಮೆ ಮಕ್ಕಳಿರುವ ನಮ್ಮ ಸಣ್ಣ ಕನ್ನಡ ಶಾಲೆಗಳು ಏನು ಮಾಡುವುದು? ಅಲ್ಲಿ ಕಾನೂನೂ ಇಲ್ಲ, ಟೀಚರೂ ಇಲ್ಲ. ಇನ್ನು ಕೆಲವೊಮ್ಮೆ ಬಂದವರಿಗೆ ಕನ್ನಡ ಬರುವುದಿಲ್ಲ, ಆ ಗಲಾಟೆ ನೀವೆಲ್ಲ ಕಂಡದ್ದೇ. ಸ್ವರಕ್ಕೆ ಭಾಷೆ ಇಲ್ಲ ಎಂದು ಹೇಳುವವರುಂಟು. ಸ್ವರಕ್ಕೆ ಇಲ್ಲದಿರಬಹುದು ಮಾರಾಯ್ರೆ, ಮೂರನೇ ಕ್ಲಾಸಿನ ಮಗುವಿಗೆ ತಪ್ಪಿದ್ದು ಎಲ್ಲಿ ಎಂದು ತಿಳಿಸಲಿಕ್ಕೆ ಭಾಷೆ ಬೇಕಲ್ಲ?

ಈಗ ಒಂದು ಒಳ್ಳೆಯ ಸುದ್ದಿ. 2025ರ ಜನವರಿಯಲ್ಲಿ ತಿರುವನಂತಪುರದಲ್ಲಿ ನಡೆದ ರಾಜ್ಯ ಕಲೋತ್ಸವದಲ್ಲಿ ಗೋತ್ರ ಕಲೆಗಳನ್ನು ಮೊದಲ ಬಾರಿಗೆ ಸ್ಪರ್ಧೆಗೆ ಸೇರಿಸಿದರು. ಪಣಿಯ ನೃತ್ಯ, ಇರುಳ ನೃತ್ಯ, ಇವುಗಳ ಜೊತೆ ನಮ್ಮ ಜಿಲ್ಲೆಯ ಮಂಗಲಂಕಳಿಯೂ ಬಂತು. ಮಾವಿಲರು ಮತ್ತು ಮಲವೇಟ್ಟುವರು ಮದುವೆ ಚಪ್ಪರದಲ್ಲಿ ಆಡುವ ಆಟ ಅದು. ಹಾಡುಗಳಲ್ಲಿ ಹೆಚ್ಚಿನವು ತುಳುವಿನಲ್ಲಿ. ವಾದ್ಯ ತುಡಿ, ಅಂದರೆ ನಮ್ಮ ದುಡಿಯ ಒಡಹುಟ್ಟು. ಅರವತ್ತೆರಡು ಕಲೋತ್ಸವ ಕಳೆದ ಮೇಲೆ ತುಳು ಹಾಡಿಗೆ, ತುಡಿಯ ಪೆಟ್ಟಿಗೆ ಜಡ್ಜುಗಳು ಮಾರ್ಕು ಹಾಕಿದರು! ಆದರೆ ಇದರಲ್ಲೂ ಕಣ್ಣಿಡಬೇಕು. ಆ ಸಮುದಾಯದ ಮಕ್ಕಳೇ ಆಡಬೇಕೆಂಬ ಕಟ್ಟು ಇಲ್ಲ. ದುಡ್ಡಿರುವ ಶಾಲೆ ತರಬೇತಿ ಕೊಡಿಸಿ ಗೆದ್ದು ಬರಬಹುದು, ಹಾಡಿನ ಮನೆಯವರ ಮಗು ಗ್ಯಾಲರಿಯಲ್ಲಿ ಕೂತು ಚಪ್ಪಾಳೆ ತಟ್ಟಬಹುದು. ಬೇರೆಯವರು ಕಲಿಯಬಾರದು ಎಂದು ನಾನು ಹೇಳುವುದಿಲ್ಲ, ಕಲಿಯಲಿ. ಕಲಿಸುವವರು ಆ ಹಿರಿಯರೇ ಆಗಿರಬೇಕು, ಅವರಿಗೆ ಸಂಬಳ ಕೊಡಬೇಕು, ತಂಡದಲ್ಲಿ ಅವರ ಮಕ್ಕಳಿರಬೇಕು.

ಇಲ್ಲಿ ನಮ್ಮ ಹಿರಿಯರ ಒಂದು ಮಾತಿಗೆ ಉತ್ತರ ಹೇಳದೆ ಮುಂದೆ ಹೋಗಲಿಕ್ಕಾಗುವುದಿಲ್ಲ. ‘ಡೋಲು ಬಡಿದು ಬಡಿದು ನಾವು ಸಾಕಾದೆವು, ಮಕ್ಕಳ ಕೈಗೆ ಮತ್ತೆ ಅದನ್ನೇ ಕೊಡುತ್ತೀರಾ?’ ಎಂದು ಕೇಳುತ್ತಾರೆ. ಕೇಳುವ ಹಕ್ಕು ಅವರಿಗುಂಟು. ಕೊರಗ ಬಂಧುಗಳನ್ನು ಡೋಲಿನ ಹೆಸರಿನಲ್ಲಿ ಎಷ್ಟು ಕೀಳಾಗಿ ಕಂಡರು ಎಂದರೆ, ಗಡಿಯ ಆಚೆ ಕರ್ನಾಟಕದಲ್ಲಿ 2000ದಲ್ಲಿ ಅಜಲು ಪದ್ಧತಿಯನ್ನು ನಿಷೇಧಿಸಲಿಕ್ಕೆ ಕಾನೂನೇ ಮಾಡಬೇಕಾಯಿತು. ಡೋಲಿಗೆ ದೋಷ ಇಲ್ಲ, ಕರೆದ ರೀತಿಗೆ ದೋಷ. ನಾನು ನೋಡುವುದು ಇಷ್ಟೆ: ಮಗುವಿನ ಹೆಸರನ್ನು ಮೈಕಿನಲ್ಲಿ ಹೇಳಿ, ವೇದಿಕೆಯ ಮೇಲೆ ಹತ್ತಿಸಿ, ಬೇರೆ ಮಕ್ಕಳಿಗೆ ಕೊಟ್ಟ ಸರ್ಟಿಫಿಕೇಟನ್ನೇ ಕೊಡುವುದಾದರೆ ದುಡಿ, ಡೋಲು ಹಿಡಿದು ಹೋಗಲಿ. ಮಂತ್ರಿಯ ಕಾರಿನ ಮುಂದೆ ಬಿಸಿಲಲ್ಲಿ ನಡೆದುಕೊಂಡು ಬಾರಿಸಿ, ಸಭೆ ಸುರುವಾದಾಗ ಹಿಂದೆ ನಿಲ್ಲಲಿಕ್ಕೆ ಕರೆದರೆ ‘ಆಗುವುದಿಲ್ಲ ಸಾರ್’ ಎಂದು ಹೇಳುವುದನ್ನು ಮಗುವಿಗೆ ಮೊದಲು ನಾವು ಕಲಿಸಬೇಕು.

ಇನ್ನೊಂದು. ನಮ್ಮವರಿಗೆ ಜಾನಪದ, ಉಳಿದವರಿಗೆ ಶಾಸ್ತ್ರೀಯ ಎಂಬ ಪಾಲುಪಟ್ಟಿಗೆ ನನ್ನ ಒಪ್ಪಿಗೆ ಇಲ್ಲ. ಮೃದಂಗಕ್ಕೆ ಚರ್ಮ ಹದ ಮಾಡಿ ಕೂರಿಸುವ ಕೈಗಳು ಯಾರವು ಎನ್ನುವುದರ ಬಗ್ಗೆ ಗಾಯಕ ಟಿ.ಎಂ. ಕೃಷ್ಣ 2020ರಲ್ಲಿ ಪುಸ್ತಕವನ್ನೇ ಬರೆದಿದ್ದಾರೆ. ವಾದ್ಯ ಮಾಡಿಕೊಟ್ಟವರ ಮಕ್ಕಳಿಗೆ ಅದನ್ನು ಮಡಿಲಲ್ಲಿಟ್ಟು ನುಡಿಸುವ ಹಕ್ಕಿಲ್ಲವೇ? ಹಾಡಲು ಆಸೆ ಇರುವ ಹುಡುಗಿಗೆ ಸರಳೆ, ಜಂಟಿ, ವರ್ಣ ಎಲ್ಲ ಸಿಗಲಿ. ಅದು ಸಿಗಲಿಲ್ಲ ಎಂದು ಅವಳ ಅಜ್ಜಿಯ ಹಾಡು ಕಡಿಮೆಯದ್ದು ಅಂತಲೂ ಅಲ್ಲ. ಅಟ್ಟಪ್ಪಾಡಿಯ ಇರುಳ ಸಮುದಾಯದ ನಂಜಿಯಮ್ಮನವರಿಗೆ 2022ರಲ್ಲಿ ರಾಷ್ಟ್ರ ಪ್ರಶಸ್ತಿ ಬಂದಾಗ, ಸಂಗೀತ ಕಲಿಯದವರಿಗೆ ಕೊಟ್ಟದ್ದು ಹೇಗೆ ಎಂದು ಕೇಳಿದವರಿದ್ದರು. ಆಡು ಮೇಯಿಸುತ್ತಾ ಹಾಡಿದ್ದು ಕಲಿಕೆ ಅಲ್ಲವಂತೆ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಪಂಚಾಯತಿನ ಪರಿಶಿಷ್ಟ ಜಾತಿ ಉಪಯೋಜನೆಯ ಹಣದಲ್ಲಿ ಯುವಕರ ತಂಡಗಳಿಗೆ ಚೆಂಡೆ ಸೆಟ್ಟು, ವಾದ್ಯೋಪಕರಣ ಕೊಡುವ ಕ್ರಮ ಕೇರಳದಲ್ಲಿ ತುಂಬ ಕಡೆ ಉಂಟು. ಆದರೆ ವಾರ್ಡಿನ ಗ್ರಾಮಸಭೆಯಲ್ಲಿ ಬೇಡಿಕೆ ಬರೆಸಬೇಕು. ಗ್ರಾಮಸಭೆಯ ದಿನ ನಾವು ವಾಲಿಬಾಲ್ ಆಡಿಕೊಂಡಿದ್ದರೆ ಚೆಂಡೆ ನಡೆದುಕೊಂಡು ಬರುವುದಿಲ್ಲ. ಬಂದ ಚೆಂಡೆಯನ್ನು ಬೀಗ ಹಾಕಿ ಇಟ್ಟ ಸಂಘಗಳೂ ಉಂಟು, ಓಣಂ ಮೆರವಣಿಗೆಗೆ ಮಾತ್ರ ತೆಗೆಯುತ್ತಾರೆ. ಮಕ್ಕಳು ಮುಟ್ಟಿದರೆ ಹರಿಯುತ್ತದಂತೆ! ಹರಿಯಲಿ, ಹೊಸ ಚರ್ಮ ಹಾಕಿಸುವ. ಕಲಿಸುವವರಿಗೆ ಸಂಸ್ಕೃತಿ ಇಲಾಖೆಯ ವಜ್ರ ಜುಬಿಲಿ ಫೆಲೋಶಿಪ್ ಉಂಟು. ಆ ಕಲಾವಿದರು ಸ್ಥಳೀಯ ಆಡಳಿತದ ಮೂಲಕ ಉಚಿತವಾಗಿ ಕಲಿಸುತ್ತಾರೆ. ಬ್ಲಾಕ್ ಪಂಚಾಯತಿಗೆ ಹೋಗಿ ಕೇಳಬೇಕು. ನಮ್ಮ ಎಸ್‌ಸಿ ಪ್ರಮೋಟರನ್ನೂ ಕರೆದುಕೊಂಡು ಹೋಗಿ, ಅದು ಅವರ ಕೆಲಸವೇ.

ಮತ್ತೆ ಶಾಲೆ. ಕಲೋತ್ಸವದ ಪಟ್ಟಿ ಬರೆಯುವಾಗ ಹೋಗಿ ಜಗಳ ಮಾಡಿ ಫಲ ಇಲ್ಲ. ಜೂನಿನಲ್ಲಿ ರಕ್ಷಕ ಶಿಕ್ಷಕ ಸಂಘದ ಮೊದಲ ಸಭೆಗೇ ಹೋಗಿ. ಜಾನಪದ ಹಾಡಿಗೆ, ಸಮೂಹ ಗಾನಕ್ಕೆ ನಮ್ಮ ಮಕ್ಕಳ ಹೆಸರನ್ನು ಬರೆದ ಕಾಗದವನ್ನು ಹೆಡ್ ಟೀಚರ ಕೈಗೆ ಕೊಡಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ‘ನಮ್ಮ ಅಜ್ಜಿ ಬಂದು ಎರಡು ಪಾಡ್ದನ ಹೇಳಿ ಕೊಡುತ್ತಾರೆ, ಒಂದು ಪೀರಿಯಡ್ ಕೊಡಿ’ ಎಂದು ಕೇಳಿ. ಬೇಡ ಎನ್ನುವ ಟೀಚರು ಕಡಿಮೆ, ಕೇಳುವವರು ಇನ್ನೂ ಕಡಿಮೆ.

ಬರುವ ಶನಿವಾರ ಬೆಳಿಗ್ಗೆ ಹತ್ತಕ್ಕೆ ಸಂಘದ ಕೋಣೆಯ ಬೀಗ ತೆಗೆದಿರುತ್ತದೆ. ದುಡಿ ಎರಡು ಇವೆ, ಒಂದರ ಹಗ್ಗ ಸಡಿಲಾಗಿದೆ, ಬಿಗಿಯಲಿಕ್ಕೆ ಗೊತ್ತಿರುವ ಹಿರಿಯರು ಸ್ವಲ್ಪ ಬೇಗ ಬನ್ನಿ. ಮಕ್ಕಳನ್ನು ಕಳಿಸಿ, ಹುಡುಗಿಯರನ್ನೂ ಕಳಿಸಿ.