ಸರ್ವರಿನ ಬಾಗಿಲುಗಳು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ಈ ಶುಭಸಂದರ್ಭದಲ್ಲಿ ಸಾಹಿತ್ಯ ಸಂಗೀತಗಳ ನಡುವೆ ಯಂತ್ರವಿದ್ಯೆಗೂ ಒಂದಿಷ್ಟು ಎಡೆಯಿರಲೆಂದು ಬಯಸಿ, ಸರ್ವರುಗಳ ರಕ್ಷಣೆಯ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಕಾರ್ಯಕರ್ತರು ನನ್ನನ್ನು ಕರೆದಿದ್ದಾರೆ. ಅವರ ವಿಶ್ವಾಸಕ್ಕೆ ನಾನು ಋಣಿ. ವಿಷಯವು ಶುಷ್ಕವೆಂದು ತೋರಬಹುದು. ಆದರೆ ಹೊಲದ ಉತಾರೆ, ಬ್ಯಾಂಕಿನ ಖಾತೆ, ಮಕ್ಕಳ ಪರೀಕ್ಷೆಯ ಅಂಕಗಳು ಇವೆಲ್ಲವೂ ಇಂದು ಕಪಾಟಿನ ಕಡತಗಳಲ್ಲಿ ಮಾತ್ರವೇ ಇಲ್ಲ. ಎಲ್ಲಿಯೋ ಹಗಲಿರುಳು ನಡೆಯುತ್ತಿರುವ ಸರ್ವರ್ ಎಂಬ ಗಣಕಯಂತ್ರಗಳಲ್ಲಿಯೂ ಇವೆ. ನಮ್ಮ ಸೊತ್ತು ಇರುವ ಮನೆಯ ಬಾಗಿಲು ಭದ್ರವಾಗಿದೆಯೇ ಎಂದು ವಿಚಾರಿಸುವುದು ಎಲ್ಲರಿಗೂ ಸೇರಿದ ಕಾರ್ಯವಲ್ಲವೆ?

ಇಂಥ ಯಂತ್ರಗಳಲ್ಲಿ ಬಹುಪಾಲು ಯೂನಿಕ್ಸ್ ಎಂಬ ವ್ಯವಸ್ಥೆಯನ್ನು ಹೋಲುವ ಲಿನಕ್ಸ್ ಮೊದಲಾದವುಗಳಿಂದ ನಡೆಯುತ್ತವೆ. ಮೂಲ ಯೂನಿಕ್ಸ್ ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರ ಕೈಯಲ್ಲಿ ಹುಟ್ಟಿತು. ಜಾಲದ ಮೂಲಕ ಇಂಥ ಯಂತ್ರಕ್ಕೆ ಬರುವ ಕೋರಿಕೆಯ ಮೇಲೆ ಎರಡು ಗುರುತುಗಳಿರುತ್ತವೆ. ಯಾವ ಯಂತ್ರಕ್ಕೆ ಎಂಬ ವಿಳಾಸವು ಒಂದು. ಆ ಯಂತ್ರದ ಯಾವ ಬಾಗಿಲಿಗೆ ಎಂಬ ಸಂಖ್ಯೆಯು ಇನ್ನೊಂದು. ಆ ಬಾಗಿಲಿಗೇ ಪೋರ್ಟ್ ಎಂದು ಹೆಸರು. ಹದಿನಾರು ಬಿಟ್ಟುಗಳಲ್ಲಿ ಬರೆಯುವ ಸಂಖ್ಯೆಯಾದುದರಿಂದ ಅದು ೬೫,೫೩೫ರವರೆಗೆ ಹೋಗುತ್ತದೆ. ಅಂಚೆಗೆ ೨೫, ಜಾಲತಾಣಕ್ಕೆ ೮೦, ಗುಪ್ತಲಿಪಿಯಲ್ಲಿ ನಡೆಯುವ ಜಾಲತಾಣಕ್ಕೆ ೪೪೩, ಹೀಗೆ ಹಲವು ಸಂಖ್ಯೆಗಳು ನಿಗದಿಯಾಗಿವೆ. ೧೦೨೪ಕ್ಕಿಂತ ಕೆಳಗಿನ ಬಾಗಿಲುಗಳಲ್ಲಿ ಕೂಡುವ ಅಧಿಕಾರವನ್ನು ರೂಟ್ ಎಂಬ ಯಜಮಾನನಿಗೆ ಮಾತ್ರ ಕೊಡುವುದು ಯೂನಿಕ್ಸಿನ ಹಳೆಯ ಸಂಪ್ರದಾಯ.

ಇಲ್ಲಿ ಒಂದು ಮಾತನ್ನು ಲಕ್ಷ್ಯದಲ್ಲಿಡಬೇಕು. ಬಾಗಿಲ ಹಿಂದೆ ಒಂದು ಪ್ರೋಗ್ರಾಂ ಕಿವಿಗೊಟ್ಟು ಕುಳಿತಿದ್ದರೆ ಮಾತ್ರ ಅದು ತೆರೆದಂತೆ. ಯಾರೂ ಇಲ್ಲದಿದ್ದರೆ ಅದು ಬರಿಯ ಗೋಡೆ. ಆದ್ದರಿಂದ ಅಪಾಯವಿರುವುದು ಬಾಗಿಲುಗಳ ಸಂಖ್ಯೆಯಲ್ಲಲ್ಲ. ಒಳಗೆ ಕುಳಿತವನು ಯಾರು, ಯಾತಕ್ಕಾಗಿ ಕುಳಿತಿದ್ದಾನೆ ಎಂಬುದನ್ನು ಯಜಮಾನನು ಅರಿಯದಿರುವುದರಲ್ಲಿ.

೧೯೮೮ರ ನವೆಂಬರ್ ೨ರಂದು ಇದು ಜಗತ್ತಿಗೆ ಮನದಟ್ಟಾಯಿತು. ಆಗ ಅನೇಕ ಯೂನಿಕ್ಸ್ ಯಂತ್ರಗಳಲ್ಲಿ ಫಿಂಗರ್ ಎಂಬ ಸೇವೆ ೭೯ನೆಯ ಬಾಗಿಲಿನಲ್ಲಿ ಕುಳಿತಿರುತ್ತಿತ್ತು. ಯಂತ್ರದಲ್ಲಿ ಈಗ ಯಾರು ಕೆಲಸ ಮಾಡುತ್ತಿದ್ದಾರೆಂದು ಕೇಳಿದವರಿಗೆ ತಿಳಿಸುವುದು ಅದರ ಕೆಲಸ. ಅದೊಂದು ಸೌಜನ್ಯದ ಏರ್ಪಾಡು. ಕೇಳುವವನ ಪ್ರಶ್ನೆಗೆಂದು ಅದು ೫೧೨ ಅಕ್ಷರಗಳಷ್ಟು ಜಾಗವನ್ನಿಟ್ಟಿತ್ತು. ಆದರೆ ಬಂದುದು ಅಷ್ಟರಲ್ಲಿಯೇ ಇದೆಯೇ ಎಂದು ಅಳೆದು ನೋಡುತ್ತಿರಲಿಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ರಚಿಸಿದ ಒಂದು ಪ್ರೋಗ್ರಾಂ ೫೩೬ ಅಕ್ಷರಗಳನ್ನು ಕಳುಹಿಸಿತು. ಅಳತೆ ಮೀರಿ ಹರಿದ ಅಕ್ಷರಗಳು ಯಂತ್ರದ ಸ್ಮೃತಿಯಲ್ಲಿ ಆಜ್ಞೆಗಳಾಗಿ ಪರಿಣಮಿಸಿದವು. ಅಂಚೆಯ ಪ್ರೋಗ್ರಾಮಿನಲ್ಲಿ ಪರೀಕ್ಷೆಗೆಂದು ಬಿಟ್ಟಿದ್ದ ಒಂದು ಸೌಲಭ್ಯದ ಮೂಲಕವೂ, ಸುಲಭವಾದ ಗುಪ್ತಪದಗಳನ್ನು ಊಹಿಸಿಯೂ ಅದು ಒಳಹೊಕ್ಕಿತು. ತನ್ನ ಪ್ರತಿಗಳನ್ನು ತಾನೇ ಹೆಚ್ಚಿಸಿಕೊಳ್ಳುತ್ತ ಸಾವಿರಾರು ಯಂತ್ರಗಳನ್ನು ಸ್ತಬ್ಧಗೊಳಿಸಿತು.

ಇದರಿಂದ ದೊರೆತ ಮೊದಲನೆಯ ಪಾಠ, ಬೇಡದ ಬಾಗಿಲನ್ನು ಮುಚ್ಚು ಎಂಬುದು. ಇಂದಿನ ಲಿನಕ್ಸಿನಲ್ಲಿ ಎಸ್‌ಎಸ್ ಎಂಬ ಆಜ್ಞೆಯನ್ನಿತ್ತರೆ ಯಾವ ಬಾಗಿಲಿನಲ್ಲಿ ಯಾವ ಪ್ರೋಗ್ರಾಂ ಕುಳಿತಿದೆಯೆಂಬ ಪಟ್ಟಿ ದೊರೆಯುತ್ತದೆ. ಒಳ್ಳೆಯ ನಿರ್ವಾಹಕನು ಆ ಪಟ್ಟಿಯ ಪ್ರತಿಯೊಂದು ಸಾಲಿಗೂ ಕಾರಣವನ್ನು ಹೇಳಬಲ್ಲವನಾಗಿರಬೇಕು.

ಎರಡನೆಯ ಪಾಠವು ಫಿನ್ಲೆಂಡಿನಿಂದ ಬಂದಿತು. ದೂರದ ಯಂತ್ರದೊಳಗೆ ಹೋಗಿ ಕೆಲಸ ಮಾಡಲು ಅಂದು ಬಳಕೆಯಲ್ಲಿದ್ದುದು ೨೩ನೆಯ ಬಾಗಿಲಿನ ಟೆಲ್ನೆಟ್. ಕಡತ ಸಾಗಿಸಲು ೨೧ನೆಯ ಬಾಗಿಲಿನ ಎಫ್‌ಟಿಪಿ. ಇವೆರಡರಲ್ಲಿಯೂ ಗುಪ್ತಪದವು ಟಪಾಲಿನ ಕಾರ್ಡಿನ ಮೇಲೆ ಬರೆದಂತೆ ತೆರೆದ ಅಕ್ಷರಗಳಲ್ಲಿಯೇ ತಂತಿಯ ಮೇಲೆ ಸಾಗುತ್ತಿತ್ತು. ೧೯೯೫ರಲ್ಲಿ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಕದ್ದು ಕೇಳುವ ಪ್ರೋಗ್ರಾಂ ಇಟ್ಟು ಸಾವಿರಾರು ಗುಪ್ತಪದಗಳನ್ನು ಸಂಗ್ರಹಿಸಿದರು. ಇದನ್ನು ಕಂಡು ತಾತು ಇಲೋನೆನ್ ಎಂಬ ಸಂಶೋಧಕರು ಎಸ್‌ಎಸ್‌ಎಚ್ ಎಂಬ ಸಾಧನವನ್ನು ರಚಿಸಿ ಅದೇ ವರ್ಷ ಲೋಕಕ್ಕೆ ಹಂಚಿದರು. ಟೆಲ್ನೆಟ್, ಎಫ್‌ಟಿಪಿಗಳ ಸ್ಥಾನದಲ್ಲಿ ಇದು ನಿಲ್ಲಬೇಕೆಂಬ ಉದ್ದೇಶದಿಂದ, ೨೧ ಮತ್ತು ೨೩ರ ನಡುವೆ ತೆರವಾಗಿದ್ದ ೨೨ನೆಯ ಸಂಖ್ಯೆಯನ್ನು ಅವರು ಕೇಳಿಕೊಂಡರು. ಸಂಖ್ಯೆಗಳನ್ನು ಹಂಚುವ ಸಂಸ್ಥೆ ಅದನ್ನೇ ಅನುಗ್ರಹಿಸಿತು.

ಎಸ್‌ಎಸ್‌ಎಚ್‌ನಲ್ಲಿ ಮಾತುಕತೆಯೆಲ್ಲ ಗುಪ್ತಲಿಪಿಯಲ್ಲಿಯೇ ನಡೆಯುತ್ತದೆ. ಗುಪ್ತಪದದ ಬದಲು ಜೋಡಿ ಕೀಲಿಕೈಗಳನ್ನು ಬಳಸುವುದು ಇನ್ನೂ ಉತ್ತಮ: ಒಂದನ್ನು ಸರ್ವರಿನಲ್ಲಿ ಬಹಿರಂಗವಾಗಿಯೇ ಇಡಬಹುದು, ಇನ್ನೊಂದು ಒಡೆಯನ ಬಳಿಯಲ್ಲಿಯೇ ಉಳಿಯುತ್ತದೆ, ತಂತಿಯ ಮೇಲೆ ಎಂದೂ ಸಾಗುವುದಿಲ್ಲ. ೨೨ರ ಬದಲು ಬೇರೆ ಸಂಖ್ಯೆಯನ್ನಿಟ್ಟರೆ ಕಳ್ಳನಿಗೆ ಬಾಗಿಲೇ ಸಿಗದೆಂದು ಕೆಲವರು ನಂಬುತ್ತಾರೆ. ಅದರಿಂದ ಸುಮ್ಮನೆ ಕದ ತಟ್ಟುವವರ ಕಾಟ ತಗ್ಗುವುದು ನಿಜ. ಆದರೆ ೬೫,೫೩೫ ಬಾಗಿಲುಗಳನ್ನೂ ಅಲ್ಪಕಾಲದಲ್ಲಿ ತಟ್ಟಿ ನೋಡುವ ಪ್ರೋಗ್ರಾಂಗಳಿವೆ. ಬಾಗಿಲನ್ನು ಬಚ್ಚಿಡುವುದು ಬೀಗ ಹಾಕಿದಂತಾಗಲಾರದು.

ಇಷ್ಟಾದರೂ ನಿಶ್ಚಿಂತರಾಗುವಂತಿಲ್ಲ. ೨೦೨೪ರ ಮಾರ್ಚ್ ತಿಂಗಳಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ತಮ್ಮ ಲಿನಕ್ಸ್ ಯಂತ್ರದಲ್ಲಿ ಎಸ್‌ಎಸ್‌ಎಚ್ ಪ್ರವೇಶಕ್ಕೆ ಎಂದಿಗಿಂತ ಅರ್ಧ ಸೆಕೆಂಡಿನಷ್ಟು ಹೆಚ್ಚು ಕಾಲ ಹಿಡಿಯುತ್ತಿರುವುದನ್ನು ಗಮನಿಸಿದರು. ಅರ್ಧ ಸೆಕೆಂಡನ್ನು ಯಾರು ಲೆಕ್ಕಿಸುತ್ತಾರೆ? ಅವರು ಲೆಕ್ಕಿಸಿದರು. ಹುಡುಕುತ್ತ ಹೋದಾಗ, ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ಸಾಮಾನ್ಯ ಸಾಧನದ ೫.೬.೦ ಮತ್ತು ೫.೬.೧ ಆವೃತ್ತಿಗಳಲ್ಲಿ ಕಳ್ಳಬಾಗಿಲೊಂದನ್ನು ಅಡಗಿಸಿದ್ದುದು ಬಯಲಾಯಿತು. ವರ್ಷಗಳ ಕಾಲ ಸಜ್ಜನನಂತೆ ಸೇವೆ ಮಾಡಿ ವಿಶ್ವಾಸ ಗಳಿಸಿದವನದೇ ಆ ಕೃತ್ಯ. ಮಾರ್ಚ್ ೨೯ರಂದು ಫ್ರಾಯಿಂಡ್ ಅವರು ವಿಷಯವನ್ನು ಬಹಿರಂಗಪಡಿಸಿದುದರಿಂದ, ಆ ಆವೃತ್ತಿಗಳು ಎಲ್ಲೆಡೆ ಹರಡುವ ಮೊದಲೇ ಜಗತ್ತು ಎಚ್ಚೆತ್ತಿತು.

ಇದು ಮೂರನೆಯ ಪಾಠ: ಬೀಗವಿದ್ದರೂ ಕಾವಲು ಬೇಕು. ಯಾರು ಬಂದರು, ಯಾರು ಸೋತು ಹಿಂದಿರುಗಿದರು ಎಂಬ ದಾಖಲೆಯನ್ನು ಸರ್ವರ್ ತಾನೇ ಬರೆದಿಡುತ್ತದೆ, ಅದನ್ನು ಓದುವವನಿರಬೇಕು. ಲೋಪಗಳಿಗೆ ದುರಸ್ತಿಗಳು ಬಂದಾಗ ತಡಮಾಡದೆ ಅಳವಡಿಸಬೇಕು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರು ಎಂಬ ಗಾದೆ ನಮ್ಮ ಹಿರಿಯರು ಸುಮ್ಮನೆ ಕಟ್ಟಿದ್ದಲ್ಲ.

ಈ ಸಭೆಯಲ್ಲಿರುವ ತರುಣ ತರುಣಿಯರಿಗೆ ನನ್ನದೊಂದು ಸೂಚನೆಯಿದೆ. ನಿಮ್ಮಲ್ಲಿ ಯಾರಾದರೂ ಶಾಲೆಯ, ಸಹಕಾರಿ ಸಂಘದ, ಇಲ್ಲವೆ ದೊಡ್ಡ ಸಂಸ್ಥೆಯ ಸರ್ವರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋದರೆ, ಮೊದಲ ದಿನವೇ ಒಂದು ವಹಿಯನ್ನು ತೆರೆಯಿರಿ. ತೆರೆದ ಬಾಗಿಲು ಯಾವುದು, ಒಳಗಿನ ಪ್ರೋಗ್ರಾಂ ಯಾವುದು, ಯಾರ ಉಪಯೋಗಕ್ಕೆ, ಕಡೆಯ ದುರಸ್ತಿ ಎಂದು ಆಯಿತು, ಈ ನಾಲ್ಕನ್ನು ಬರೆಯಿರಿ. ಕನ್ನಡದಲ್ಲಿಯೇ ಬರೆಯಬಹುದು. ಕಾರಣ ಬರೆಯಲಾಗದ ಬಾಗಿಲನ್ನು, ಮೇಲಿನವರನ್ನು ಕೇಳಿ, ಮುಚ್ಚಿಬಿಡಿ. ಇದಕ್ಕೆ ಬೇಕಾದುದು ಅಪಾರ ಧನವಲ್ಲ, ಅಸಾಮಾನ್ಯ ಪಾಂಡಿತ್ಯವೂ ಅಲ್ಲ. ದಿನವೂ ತಪ್ಪದ ಶ್ರದ್ಧೆ. ಕೆಲಸ ಸರಿಯಾಗಿ ನಡೆದಷ್ಟು ಕಾಲ ಯಾರೂ ನಿಮ್ಮನ್ನು ಹೊಗಳುವುದಿಲ್ಲ. ಆದರೆ ಕಾಣದ ಸಾವಿರಾರು ಮನೆಗಳ ಸೊತ್ತು ನಿಮ್ಮಿಂದ ಸುರಕ್ಷಿತವಾಗಿರುತ್ತದೆ.